ಬೆಕ್ಕಿಗೆ ಬೈಬ್ಯಾಡ್ರಿ, ಬಾಗಿಲಾ ಹಾಕ್ರಿ

ನಮ್ಮ ಮನ್ಯಾಗ ಏನರೆ ಚೆಲ್ಲಿದ್ರ, ಒಡದ್ರ, ಕಳದ್ರ ಮೊದಲನೇ ಹೆಸರು ಗುಂಡ್ಯಾಂದು, ಎರಡನೇದು ಬೆಳ್ಳೀದು. ಮೂರನೇ ಹೆಸರು ಅಂತ ಒಂದು ಇರಬಹುದು ಅನ್ನೋದು ಯಾರಿಗೂ ನೆನಪಾಗೂದಿಲ್ಲ. ಇಬ್ಬರೂ ಬೆಕ್ಕು. ಬಾಯಿಲ್ಲದ ಜೀವ ಅಂತ ಅನ್ನಲಿಕ್ಕೆ ಬರಂಗಿಲ್ಲ, ಮುಂಜಾನೆ ಐದಕ್ಕ ಅವುಗಳ ಬಾಯಿ ಕೇಳಿದವ್ರಿಗೆ ಗೊತ್ತು. ಆದ್ರ ತಮ್ಮ ಪರವಾಗಿ ವಾದಾ ಮಾಡೋ ಬಾಯಿ ಅವಕ್ಕಿಲ್ಲ. ಅದಕ್ಕ ಇವತ್ತು ಅವುಗಳ ವಕೀಲಕಿ ನಾ ಮಾಡ್ತೀನಿ. ಫೀ ಏನೂ ಬ್ಯಾಡ. ಪೂರ್ತಿ ಓದ್ರಿ, ಅಷ್ಟ ಸಾಕು.

ನಾವಿರೋದು ಅಮೆರಿಕಾದ ಪೆನ್ಸಿಲ್ವೇನಿಯಾದಾಗ. ಇಲ್ಲೆ ಭಾಳ ಮನ್ಯಾಗ ಬಂದೂಕು ಇರತದ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಸೋಮವಾರ ಎಷ್ಟೋ ಸಾಲಿಗಳಿಗೆ ಸೂಟಿ, ಜಿಂಕಿ ಬ್ಯಾಟಿ ಸಲುವಾಗಿ! ನಮ್ಮ ಮನಿಯವ್ರು ಬ್ಯಾಟಿಗೆ ಹೋಗೂ ಪೈಕಿ ಅಲ್ಲ. ಧಾರವಾಡದಾಗ ಹುಟ್ಟಿ ಬೆಳದವ್ರು, ಇರಬಿ ತುಳದ್ರೂ ಅಯ್ಯೋ ಅಂತಾರ. ಆದ್ರ ಆಫೀಸಿನ ಗೆಳ್ಯಾ ಒಬ್ಬಾಂವ ಒಂದ್ಸಲ ಶೂಟಿಂಗ್ ರೇಂಜಿಗೆ ಕರಕೊಂಡು ಹೋದ. ಅವತ್ತಿನಿಂದ ಶನಿವಾರ ಬಂತಂದ್ರ ಕಾಗದದ ಗುರಿಗೆ ಹೊಡಿಯೋ ಹುಚ್ಚು. ಆಮ್ಯಾಲೆ 2020-21ರಾಗ ಕಾಡತೂಸು ತುಟ್ಟಿ ಆದ್ವು, ಅಂಗಡ್ಯಾಗ ಸಿಗದಂಗೂ ಆದ್ವು. 'ಮನ್ಯಾಗ ತುಂಬಿಕೊಂಡ್ರ ಅಗ್ಗ ಬೀಳತದ' ಅಂದ್ರು. ಅಗ್ಗಾ ಮಾಡಲಿಕ್ಕೆ ತಂದ ಸಾಮಾನಿನ ಬಿಲ್ಲು ನಾ ಇನ್ನೂ ಎತ್ತಿ ಇಟ್ಟೀನಿ.

ಇದು ಇಲ್ಲೆ ಕಾನೂನಿನ ಪ್ರಕಾರ ಇರೋ ಹವ್ಯಾಸ, 'ರೀಲೋಡಿಂಗ್' ಅಂತಾರ. ನಮ್ಮ ಕಡೆಯವ್ರಿಗೆ ತಿಳಿಯೂ ಹಂಗ ಹೇಳಬೇಕಂದ್ರ, ಹೊಡದು ಖಾಲಿ ಆದ ಹಿತ್ತಾಳಿ ಕೊಳವಿ ಆರಿಸಿಕೊಂಡು ಬಂದು, ತಿಕ್ಕಿ ತೊಳದು, ಮತ್ತ ತುಂಬೋದು. ಮೊದಲ ಟಂಬ್ಲರ್ ಅನ್ನೋ ಡಬ್ಬಿಯಾಗ ಗೋಂಜಾಳದ ದಿಂಡಿನ ಪುಡಿ ಹಾಕಿ ಕೊಳವಿಗಳನ್ನ ತಾಸುಗಟ್ಟಲೆ ಗರಗರ ತಿರಗಸ್ತಾರ. ಫಳಫಳ ಹೊಳೀತಾವ. ಮುಂದ ಟೇಬಲ್ಲಿಗೆ ಬೋಲ್ಟ್ ಹಾಕಿ ಕೂಡಿಸಿದ ಒಂದು ಪ್ರೆಸ್ಸು. ಚಕ್ಕಲಿ ಒತ್ತಿದಂಗ ಹಿಡಿಕಿ ಒತ್ತಿದ್ರ ಕೊಳವಿ ತನ್ನ ಅಳತಿಗೆ ಬರತದ, ಹಳೇ ಪ್ರೈಮರ್ ಕೆಳಗ ಬೀಳತದ. ಪ್ರೈಮರ್ ಅಂದ್ರ ಕೊಳವೀ ಬುಡದಾಗ ಕೂಡೋ ಕಿಡಿ ಗುಂಡಿ, ಅಂಗಿ ಗುಂಡಿಗಿಂತ ಸಣ್ಣದು. ಪೆಟ್ಟು ಬಿದ್ರ ಸಿಡೀತದ, ಅದರ ಕೆಲಸಾನ ಅದು. ಹೊಸಾ ಪ್ರೈಮರ್ ಕೂಡಿಸಿ, ಮದ್ದು ತೂಗಿ ಹಾಕಿ, ಮ್ಯಾಲೆ ಗುಂಡು ಒತ್ತಿದ್ರ ಆತು.

ಇಲ್ಲೆ ತೂಕ ಅನ್ನೋದ ಎಲ್ಲಾ. ಇವರು ತುಂಬೋದು ಪಾಯಿಂಟ್ 38 ಸ್ಪೆಷಲ್ ಅನ್ನೋ ರಿವಾಲ್ವರ್ ಕಾಡತೂಸು. ಮದ್ದಿನ ತೂಕ ಗ್ರೇನ್ ಲೆಕ್ಕದಾಗ. ಒಂದು ಪೌಂಡಿಗೆ 7000 ಗ್ರೇನು. ಒಂದು ಕೊಳವಿಗೆ ನಾಕು ಗ್ರೇನಿನ ಆಜುಬಾಜು, ಅಂದ್ರ ಗ್ರಾಮಿನ ಕಾಲು ಭಾಗ. ನಮ್ಮ ಅಕ್ಕಸಾಲಿಗ್ಯಾರ ಲೆಕ್ಕದಾಗ ಎರಡು ಗುಂಜಿ. ಈ ಕಾಡತೂಸು ಹುಟ್ಟಿದ್ದು ಹಳೇ ಕರೀ ಮದ್ದಿನ ಕಾಲದಾಗ. ಅದಕ್ಕ ಜಾಗಾ ಭಾಳ ಬೇಕಿತ್ತು. ಈಗಿನ ಮದ್ದಿಗೆ ಕೊಳವಿ ದೊಡ್ಡದಾತು, ತಳದಾಗ ಒಂದೀಟ ಕಾಣತದ. ಅದಕ್ಕ ಒಂದರಾಗ ಎರಡು ಸಲ ಹಾಕಿದ್ರೂ ತುಂಬಿ ಚೆಲ್ಲಂಗಿಲ್ಲ. ಹಾಕದ ಬಿಟ್ರೂ ಮ್ಯಾಲಿಂದ ಗೊತ್ತಾಗಂಗಿಲ್ಲ. ಎರಡು ಸಲ ಬಿದ್ರ ರಿವಾಲ್ವರ್ ಕೈಯಾಗ ಸಿಡೀಬಹುದು. ಬೀಳದ ಹೋದ್ರ ಪ್ರೈಮರಿನ ಜೋರಿಗೆ ಗುಂಡು ನಳಗೀತನಕಾ ಹೋಗಿ ಅಲ್ಲೇ ಸಿಗಬೀಳತದ; ಅದು ತಿಳೀದ ಮುಂದಿನ ಗುಂಡು ಹೊಡದ್ರ ನಳಗಿನ ಸೀಳತದ. ಇದನ್ನೆಲ್ಲಾ ನಂಗ ಕಲಿಸಿದವ್ರು ಅವರ. ಪಾಠಾ ಅಗದಿ ಚೊಲೊ ಹೇಳ್ತಾರ.

ಈಗ ಆ ರವಿವಾರದ ಕತಿ ಕೇಳ್ರಿ.

ಬೇಸ್ಮೆಂಟಿನಾಗ ಟೇಬಲ್ಲು. ಅದರ ಮ್ಯಾಲೆ ಐವತ್ತು ತೂತಿನ ಕಟಗಿ ಹಲಗಿ, ಅದರಾಗ ಐವತ್ತು ಕೊಳವಿ ಸಾಲಾಗಿ ನಿಂತಾವ. ಮದ್ದು ಹಾಕೋದು ಅರ್ಧಾ ಆಗಿತ್ತು. ಊರಿಂದ ಫೋನ್ ಬಂತು. ಇವರು ಫೋನ್ ಹಿಡಕೊಂಡು ಮ್ಯಾಲೆ ಬಂದ್ರು. ಅತ್ತಿಯವರ ಜೋಡಿ ಮಾತಾಡ್ಕೋತ ಅಡಿಗಿ ಮನ್ಯಾಗ ಶೇಂಗಾ ತಿನಕೋತ ಇಪ್ಪತ್ತು ನಿಮಿಷ ನಿಂತ್ರು. ಬೇಸ್ಮೆಂಟಿನ ಬಾಗಿಲಾ ಹಾರು ಹೊಡದಿತ್ತು. ಹೊಳ್ಳಿ ಹೋಗಿ ನೋಡ್ತಾರ, ಗುಂಡ್ಯಾ ಟೇಬಲ್ ದೀಪದ ಕೆಳಗ ಬಿಸಿ ಕಾಸ್ಕೋತ ಕೂತಾನ, ಬೆಳ್ಳಿ ಒಂದು ಪ್ರೈಮರ್ ನೆಲದ ಮ್ಯಾಲೆ ಗೋಲಿ ಆಡ್ಲಿಕ್ಹತ್ತಾಳ. ಹಲಗಿ ಒಂದೀಟ ಸರದದ, ಗುರುತಿಗೆ ಇಟ್ಟ ಪೆನ್ಸಿಲ್ಲು ಕೆಳಗ ಬಿದ್ದದ. ಎಲ್ಲೀತನಕಾ ಮದ್ದು ಹಾಕಿದ್ದೆ ಅನ್ನೋದು ಹಾರಿಹೋತು.

ನಾಲ್ಕು ಮನಿಗೆ ಕೇಳೂ ಹಂಗ ಒದರಿದ್ರು, 'ಈ ಬೆಕ್ಕಿನ ಸಲುವಾಗಿ ಒಂದಿಲ್ಲೊಂದು ದಿನ ನನ್ನ ಕೈ ಹೋಗ್ತದ!'

ಮುಂದ ಅವರು ಮಾಡಬೇಕಾದ್ದೇನು? ಅವರ ಪಾಠದ ಪ್ರಕಾರ ಐವತ್ತೂ ಕೊಳವಿ ಬೋರಲ ಹಾಕಿ, ಮದ್ದು ತಿರುಗಿ ಡಬ್ಬಿಗೆ ಸುರದು, ಮೊದಲಿಂದ ಶುರು ಮಾಡಬೇಕು. ಮಾಡಿದ್ದೇನು? 'ಮೂರನೇ ಸಾಲಿನ ಮಟಾ ಆಗಿತ್ತು, ನಂಗ ನೆನಪದ' ಅಂತ ನಾಲ್ಕನೇ ಸಾಲಿಂದ ಹಾಕ್ಕೋತ ಹೋದ್ರು. ನಂಗ ಸಮಾಧಾನ ಆಗಲಿಲ್ಲ. ಗುಂಡು ಒತ್ತೂಕಿಂತ ಮೊದಲ ಬ್ಯಾಟರಿ ಹಿಡದು ಒಂದೊಂದ ಕೊಳವೀ ಒಳಗ ನೋಡಿದೆ. ಮೂರನೇ ಸಾಲಿನ ಕಡೀ ಎರಡು ಕೊಳವಿ ಖಾಲಿ. ತಳಾ ಹೊಳೀಲಿಕ್ಹತ್ತಿತ್ತು.

ಅವರು ಅಂದ ಮಾತು: 'ನೋಡು, ಬೆಕ್ಕು ಎಂಥಾ ಘಾತಾ ಮಾಡ್ತಿತ್ತು!'

ಇಲ್ಲೇ ನನ್ನ ತಕರಾರು. ಬೆಕ್ಕು ಹಲಗಿ ಸರಿಸ್ತು, ಒಪ್ಪತೀನಿ. ಆದ್ರ ಬಾಗಿಲಾ ತಗದಿಟ್ಟವ್ರು ಯಾರು? ಪ್ರೈಮರಿನ ತಟ್ಟಿ ಮುಚ್ಚದ ಎದ್ದು ಬಂದವ್ರು ಯಾರು? 'ನೆನಪದ' ಅಂತ ಅಂದಾಜಿನ ಮ್ಯಾಲೆ ಮುಂದ ಸಾಗಿದವ್ರು ಯಾರು? ಆ ಎರಡು ಕೊಳವಿ ಖಾಲಿ ಉಳದದ್ದು ಬೆಕ್ಕಿನ ಕೈಯಿಂದಲ್ಲ, ಮನಷ್ಯಾನ ಅಂದಾಜಿನಿಂದ. ಬೆಕ್ಕಿನ ಜಾಗಾದಾಗ ಮಗಳು ಬಂದು ಹಲಗಿ ಮುಟ್ಟಿದ್ರ? ಭೂಮಿ ಒಂದೀಟ ನಡಗಿದ್ರ? ಕೆಲಸದ ನಡುವ ಮನಸು ತಪ್ಪಿತು ಅಂದ್ರ ಮೊದಲಿಂದ ಶುರು ಮಾಡಬೇಕು. ಈ ನಿಯಮ ಯಾರು ತಪ್ಪಿಸಿದ್ರು ಅಂತ ಕೇಳಂಗಿಲ್ಲ.

ಮನಿಯವ್ರಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಎನ್‌ಎಫ್‌ಪಿಎ 495 ಅನ್ನೋ ಇಲ್ಲಿನ ಅಗ್ನಿ ಸುರಕ್ಷತಾ ನಿಯಮಾವಳಿ ಬಾಯಿಪಾಠ. ಮನ್ಯಾಗ ಹತ್ತು ಸಾವಿರಕ್ಕಿಂತ ಹೆಚ್ಚು ಪ್ರೈಮರ್ ಇಡಬಾರದು, ಮದ್ದು ಇಪ್ಪತ್ತು ಪೌಂಡಿನ ತನಕಾ ಅದರ ಮೂಲ ಡಬ್ಬಿಯಾಗ ಇಡಬಹುದು, ಅದಕ್ಕೂ ಹೆಚ್ಚಾದ್ರ ಒಂದು ಇಂಚು ದಪ್ಪದ ಕಟಗಿ ಪೆಟಗಿ ಬೇಕು. ಎಲ್ಲಾ ಗೊತ್ತು. ಹತ್ತು ಸಾವಿರದ ಲೆಕ್ಕ ಇಟ್ಟ ಮನಷ್ಯಾಗ ಎರಡು ಬೆಕ್ಕಿನ ಲೆಕ್ಕ ಸಿಗಲಿಲ್ಲ!

ಬೆಕ್ಕು ಯಾಕ ಬರತದ ಅಂತ ಯಾರರೆ ವಿಚಾರ ಮಾಡೀರೇನು? ಬೆಕ್ಕು ಬ್ಯಾಟಿ ಪ್ರಾಣಿ. ಸಣ್ಣದು, ಗುಂಡಂದು, ಮುಟ್ಟಿದ್ರ ಉಳ್ಳೂದು ಏನಿದ್ರೂ ಅದಕ್ಕ ಇಲಿಮರೀನ. ಪಂಜಾದಿಂದ ಒಮ್ಮೆ ತಟ್ಟಿ ನೋಡ್ತದ, ಜೀವಾ ಅದನೋ ಇಲ್ಲೋ ಅಂತ. ಎತ್ತರದ ಜಾಗಾ ಬೇಕು, ಬೆಚ್ಚಗ ಇರಬೇಕು. ಮತ್ತ ಮನಷ್ಯಾ ಒಂದ ಕಡೆ ಅಲುಗಾಡದ ಕೂತು ಏನನ್ನರೆ ದಿಟ್ಟಿಸಿ ನೋಡ್ಲಿಕ್ಹತ್ತಿದ್ರ ಅಲ್ಲೇನೋ ವಿಶೇಷ ಅದ ಅಂತ ಅದಕ್ಕ ಅನಸ್ತದ. ರೀಲೋಡಿಂಗ್ ಟೇಬಲ್ ಹೆಂಗದ? ಎತ್ತರ ಅದ, ದೀಪದ ಬಿಸಿ ಅದ, ಹೊಳಿಯೂ ಉಳ್ಳೂ ಸಾಮಾನು ನೂರಾರು ಅವ, ನಡುವ ದಿಟ್ಟಿಸಿಕೋತ ಕೂತ ಯಜಮಾನ್ರು. ಬೆಕ್ಕಿಗಂತ ಬೇಕಂತನ ಜಾತ್ರಿ ನೆರಸಿ, ಬಂದಾಗ 'ಯಾಕ ಬಂದಿ' ಅಂದ್ರ ಅದೇನು ಹೇಳ್ತದ?

ನಮ್ಮ ಅಜ್ಜಿ ಮನ್ಯಾಗ ಮೂರು ಬೆಕ್ಕಿದ್ವು. ಇಲಿ ಸಲುವಾಗಿ ಬೇಕ ಬೇಕು, ಜ್ವಾಳದ ಚೀಲ ಇದ್ದ ಮನಿ ಅದು. ಹಾಲು, ಮಸರು, ಬೆಣ್ಣಿನೂ ಇದ್ವು. ಅಜ್ಜಿ ಬೆಕ್ಕಿಗೆ ಪಾಠಾ ಮಾಡಲಿಲ್ಲ. ಅಡಿಗಿ ಮನಿ ಜಂತಿಗೆ ನೆಲವು ಕಟ್ಟಿದ್ಲು. ಹಗ್ಗದ ನೆಲವಿನಾಗ ಗಡಿಗಿ ಮ್ಯಾಲೆ ಗಡಿಗಿ, ಬೆಕ್ಕು ಜಿಗದ್ರೂ ಮುಟ್ಟಬಾರದು ಅಂಥಾ ಎತ್ತರದಾಗ. ಹಾಲು ಕೆಳಗಿಟ್ಟು ಬೆಕ್ಕು ಕುಡದ್ರ ಅಜ್ಜಿ ಬೈತಿದ್ದದ್ದು ನಮಗ, 'ಯಾರ ಇಟ್ಟವ್ರು ಇಲ್ಲೆ?' ಅಂತ. ಎರಡನೇತ್ತೆ ಕಲ್ತಾಕಿ ಆಕಿ. ಎಂಜಿನಿಯರಿಂಗ್ ಮಾಡಿದ ಮೊಮ್ಮಗಳ ಗಂಡಗ ಆ ನೆಲವಿನ ಬುದ್ಧಿ ಬ್ಯಾಡೇನು?

ಅವರ ಕಡೆಯಿಂದ ಬಂದ ಉಪಾಯಗಳನ್ನೂ ಹೇಳಿಬಿಡ್ತೀನಿ, ಒಂದ ಕಡೆ ವಾದಾ ಆಗಬಾರದು.

ಒಂದನೇದು, ಕೊಳ್ಳಾಗ ಗಂಟಿ ಕಟ್ಟೋದು, ಬರೂದು ಕೇಳಸ್ತದ ಅಂತ. ಬೆಕ್ಕಿಗೆ ಗಂಟಿ ಕಟ್ಟೋ ಮಾತು ಗಾದಿಯೊಳಗ ಬಂದದ್ದು ಯಾಕಂತ ವಿಚಾರ ಮಾಡಬೇಕಿತ್ತು. ಇರಲಿ, ಕಟ್ಟಿದ್ರು ಅಂತ ಹಿಡೀರಿ. ಮದ್ದು ತೂಗೂ ಮುಂದ ಕಿಣಿಕಿಣಿ ಕೇಳಿ ತಿರುಗಿ ನೋಡಿದ್ರ ಲೆಕ್ಕ ತಪ್ಪಂಗಿಲ್ಲೇನು?

ಎರಡನೇದು, ನೀರಿನ ಪಿಚಕಾರಿ. ಬಂದಾಗೊಮ್ಮೆ ಮುಖಕ್ಕ ಹೊಡಿಯೋದು. ತೆನಾಲಿ ರಾಮಕೃಷ್ಣ ಬೆಕ್ಕಿಗೆ ಸುಡು ಸುಡು ಹಾಲು ಕುಡಿಸಿ ಹಾಲಂದ್ರ ಓಡಿಹೋಗೂ ಹಂಗ ಮಾಡಿದ ಕತಿ ಸಣ್ಣವರಿದ್ದಾಗ ಕೇಳಿ ನಕ್ಕೀವಿ. ಈಗ ವಿಚಾರ ಮಾಡಿದ್ರ ನಗು ಬರೂದಿಲ್ಲ. ಮತ್ತ ಪಿಚಕಾರಿ ನೋಡಿ ಬೆಕ್ಕು ಹೆದರೋದು ಪಿಚಕಾರಿ ಹಿಡದವ್ರಿಗೆ. ನೀವು ಇಲ್ಲದಾಗ ಅದು ಅಲ್ಲೇ ಇರತದ. ನೀವು ಇಲ್ಲದಾಗ ಅಲ್ಲೇನು ಕೆಲಸಾ ಅಂತೀರಿ, ಅದಕ್ಕ ಮುಂದ ಬರತೀನಿ.

ಮೂರನೇದು, ಬೆಕ್ಕನ್ನ ಯಾರಿಗರೆ ಕೊಟ್ಟುಬಿಡೋದು. ಈ ಮಾತಿಗೆ ನಮ್ಮ ಮಗಳು ಊಟಾ ಬಿಟ್ಟು ಎದ್ದು ಹೋದ್ಲು. ಅದ ಉತ್ತರ.

ಇನ್ನೊಂದು ಮಾತು. ಇವರ ಗೆಳ್ಯಾರು ಫೋಟೋ ಕಳಸ್ತಾರ: ಕಾಡತೂಸಿನ ರಾಶಿ ನಡುವ ಬೆಕ್ಕು ಮಲಗಿದ್ದು, ಪ್ರೆಸ್ಸಿನ ಹಿಡಿಕಿ ನೆಕ್ಕೋದು, ಮದ್ದಿನ ತಕ್ಕಡಿ ಮ್ಯಾಲೆ ಕಾಲಿಟ್ಟದ್ದು. ಕೆಳಗ 'ನಮ್ಮ ಕ್ವಾಲಿಟಿ ಇನ್ಸ್‌ಪೆಕ್ಟರ್' ಅಂತ ಬರದಿರತಾರ. ಎಲ್ಲಾರೂ ನಗತಾರ. ನಾನೂ ಮೊದಲ ನಕ್ಕಾಕಿನ, ಸುಳ್ಳು ಹೇಳಂಗಿಲ್ಲ. ಈಗ ಆ ಫೋಟೋ ನೋಡಿದ್ರ ನಂಗ ಕಾಣೂದು ಬೆಕ್ಕಿನ ಮುಖಾ ಅಲ್ಲ, ಅದರ ಕಾಲು. ಆ ಕಾಲಿಗೆ ಏನು ಹತ್ತೇದ ಅನ್ನೋದು.

ಆ ರವಿವಾರ ಬೆಳ್ಳಿ ಆಡಿದ ಪ್ರೈಮರ್ ಎಲ್ಲಿ ಹೋತು ಅಂತ ಯಾರೂ ಹುಡಕಲಿಲ್ಲ. ಎರಡು ದಿನಾ ಆದಮ್ಯಾಲೆ ಹಾಲಿನ ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಚ್ಚಿದೆ. ಒಳಗ ಫಟ್ ಅಂತ ಸಪ್ಪಳಾತು. ಮಶೀನು ಕೆಟ್ಟಿತು ಅಂದ್ಕೊಂಡೆ. ಇವರ ಮುಖಾ ಬೆಳ್ಳಗಾತು. ಚೆಲ್ಲಿದ ಪ್ರೈಮರ್, ಮದ್ದು ವ್ಯಾಕ್ಯೂಮಿನಿಂದ ಎತ್ತಬಾರದು, ಕಸಬರಗಿ ಮೊರಾ ಹಿಡದು ಎತ್ತಬೇಕು ಅಂತ ಅವತ್ತು ಹೇಳಿದ್ರು. ಕಸಾ ಹೊಡಿಯಾಕಿ ನಾನು. ಮದ್ದಿನ ಕ್ವಾಣಿಗೆ ಬಾಗಿಲಿಲ್ಲ. ನಂಗ ಈ ಮಾತು ನಾಕು ವರ್ಷ ಆದಮ್ಯಾಲೆ ಗೊತ್ತಾತು.

ಅದರ ಮುಂದಿನ ತಿಂಗಳು ಗುಂಡ್ಯಾ ಊಟಾ ಬಿಟ್ಟ. ವಾಂತಿ ಮಾಡ್ಕೊಂಡ. ಮೂಲ್ಯಾಗ ಕೂತವ ಏಳಲಿಲ್ಲ. ಪ್ರಾಣಿ ಡಾಕ್ಟರ್ ಬಾಯಿ ಎಲ್ಲಾ ಪರೀಕ್ಷಾ ಮಾಡಿ ಕೇಳಿದ್ರು, 'ನಿಮ್ಮ ಮನಿ 1978ರ ಮೊದಲಿಂದೇನು? ಹಳೇ ಬಣ್ಣಾ ಕೆರೀಲಿಕ್ಹತ್ತೀರೇನು?' ಅಮೆರಿಕಾದಾಗ ಮನಿ ಬಣ್ಣದೊಳಗ ಸೀಸಾ ಹಾಕೋದು ನಿಂತದ್ದು ಆ ವರ್ಷ. ನಮ್ಮ ಮನಿ ಹೊಸಾದು. ಇಲ್ಲ ಅನ್ನಲಿಕ್ಕೆ ಬಾಯಿ ತಗದಾಕಿ ಅಲ್ಲೇ ನಿಂತೆ. ಬಣ್ಣದಾಗಿಂದ ಅಲ್ಲ, ಆದ್ರ ಸೀಸಾ ಅದ. ಗುಂಡು ಸೀಸದ್ದು. ಭಾಳಷ್ಟು ಪ್ರೈಮರಿನ ಒಳಗಿನ ಕಿಡಿಮದ್ದು ಸೀಸದ ಸ್ಟಿಫ್ನೇಟ್. ಹೊಡದ ಕೊಳವೀ ಒಳಗ ಅದರ ಮಸಿ ಹತ್ತಿರತದ. ಆ ಕೊಳವಿ ಟಂಬ್ಲರಿನಾಗ ತಾಸುಗಟ್ಟಲೆ ತಿರುಗಿದ್ರ ಮಸಿಯೆಲ್ಲಾ ಧೂಳಾಗಿ ಪುಡಿಯೊಳಗ ಕೂಡತದ. ಇವರು ಆ ಪುಡಿ ಜರಡಿ ಹಿಡೀತಿದ್ದದ್ದು ಅಲ್ಲೇ ಬೇಸ್ಮೆಂಟಿನಾಗ. ನೆಲದ ಮ್ಯಾಲೆ ತೆಳ್ಳಗ ಕೂಡೋ ಧೂಳಿನಾಗ ಗುಂಡ್ಯಾ ಉಳ್ಳಾಡತಿದ್ದ, ಆಮ್ಯಾಲೆ ಬಿಸಲಿಗೆ ಕೂತು ಮೈಯೆಲ್ಲಾ ನೆಕ್ಕಿ ಸ್ವಚ್ಛ ಮಾಡ್ಕೋತಿದ್ದ. ಬೆಕ್ಕಿನ ಸ್ನಾನ ಅಂದ್ರ ಊಟಾ ಇದ್ದಂಗ. ಮೈಮ್ಯಾಲೆ ಇದ್ದದ್ದೆಲ್ಲಾ ಹೊಟ್ಟಿಗೆ.

ರಕ್ತಾ ತಗದು ಕಳಿಸಿದ್ರು. ಸೀಸಾ ಇತ್ತು. ಸೀಸಾ ಹೊರಗ ಹಾಕೋ ಔಷಧ ಕೊಟ್ರು, ಅಂವ ಉಳದ.

ಅವತ್ತು ರಾತ್ರಿ ನಂಗ ನಿದ್ದಿ ಬರಲಿಲ್ಲ. ಗುಂಡ್ಯಾ ದಿನಾ ಮಲಗೂದು ಎಲ್ಲೆ? ಮಗಳ ದಿಂಬಿನ ಮ್ಯಾಲೆ. ಏಳು ವರ್ಷದಾಕಿ ಇನ್ನೂ ಹೆಬ್ಬಟ್ಟು ಚೀಪತಾಳ. ಬೆಕ್ಕಿನ ಬೆನ್ನು ಸವರಿದ ಕೈ ಸೀದಾ ಬಾಯಿಗೆ. ಮರುದಿನ ಆಕೀ ರಕ್ತಾನೂ ಕೊಟ್ಟು ಬಂದ್ವಿ. ಮೂರು ದಿನಾ ಕಾಯಬೇಕಾತು. ಆ ಮೂರು ದಿನಾ ಮನ್ಯಾಗ ಯಾರೂ ಬೆಕ್ಕಿಗೆ ಬೈಲಿಲ್ಲ, ನೋಡ್ರಿ.

ಇಲ್ಲಿನ ಸಿಡಿಸಿಯವ್ರು 2021ರಾಗ ಮಕ್ಕಳ ರಕ್ತದ ಸೀಸಕ್ಕ ಒಂದು ಗೆರಿ ಹಾಕ್ಯಾರ, ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಮೊದಲ 5 ಇತ್ತು. ಮಗಳದು ಆ ಗೆರಿ ಕೆಳಗ ಬಂತು. ಡಾಕ್ಟರ್ ಇನ್ನೊಂದು ಮಾತೂ ಹೇಳಿದ್ರು: ಗೆರಿ ಕೆಳಗದ ಅಂದ್ರ ಸುರಕ್ಷಿತ ಅಂತಲ್ಲ, ಮಕ್ಕಳಿಗೆ ಇಷ್ಟು ಸೀಸಾ ಇದ್ರ ನಡೀತದ ಅನ್ನೋ ಪ್ರಮಾಣಾನ ಇಲ್ಲ. ಮನಿಯವ್ರು ಕಾರಿನಾಗ ದಾರೀ ಉದ್ದಕ್ಕೂ ಮಾತಾಡಲಿಲ್ಲ.

ಈಗ ಹೇಳ್ರಿ, ಬೆಕ್ಕು ಹವ್ಯಾಸಕ್ಕ ಅಡ್ಡ ಬಂತೋ, ಹವ್ಯಾಸ ಬೆಕ್ಕಿಗೆ ಅಡ್ಡ ಬಂತೋ? ನಾವು ಆ ಪ್ರಶ್ನೆಯನ್ನ ಒಂದ ಕಡೆಯಿಂದ ಕೇಳ್ಕೋತ ಬಂದೀವಿ. ಬೆಕ್ಕು ಟೇಬಲ್ ಮ್ಯಾಲೆ ಬಂದದ್ದು ಎಲ್ಲಾರಿಗೂ ಕಾಣಸ್ತದ. ಟೇಬಲ್ಲು ಬೆಕ್ಕಿನ ಮೈ ಮ್ಯಾಲೆ ಹತ್ತಿ ದಿಂಬಿನ ತನಕಾ ಬಂದದ್ದು ಯಾರಿಗೂ ಕಾಣಲಿಲ್ಲ.

'ಇಪ್ಪತ್ತು ವರ್ಷದಿಂದ ಮಾಡ್ಲಿಕ್ಹತ್ತೀನಿ, ನನ್ನ ಬೆಕ್ಕಿಗೆ ಏನೂ ಆಗಿಲ್ಲ' ಅಂತ ಆ ಆಫೀಸಿನ ಗೆಳ್ಯಾ ಅಂದ. ರಕ್ತಾ ಪರೀಕ್ಷಾ ಮಾಡ್ಸೀರೇನು ಅಂತ ಕೇಳಿದೆ. ಇಲ್ಲ ಅಂದ. ನೋಡದ 'ಆಗಿಲ್ಲ' ಅನ್ನೋದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗ. ಈ ಗಾದಿಯೊಳಗ ಮಾತ್ರ ಬೆಕ್ಕಿಗೆ ನಾ ಕ್ಷಮಾ ಕೇಳ್ತೀನಿ.

ಹವ್ಯಾಸ ಬಿಡ್ರಿ ಅಂತ ನಾ ಅನ್ನಂಗಿಲ್ಲ. ದಿನಾ ಎಂಟು ತಾಸು ಕಂಪ್ಯೂಟರ್ ಮುಂದ ಕೂತ ಮನಷ್ಯಾಗ ಕೈಯಿಂದ ಅಚ್ಚುಕಟ್ಟಾಗಿ ಒಂದು ಕೆಲಸಾ ಮಾಡೂದು ಬೇಕು. ಆದ್ರ ಬೇಕಂದ್ರ ಅದಕ್ಕೊಂದು ಖೋಲಿ ಇರಬೇಕು, ಖೋಲಿಗೆ ಬಾಗಿಲಾ ಇರಬೇಕು, ಬಾಗಿಲಾ ಹಾಕಿರಬೇಕು. ಫೋನ್ ಬಂದ್ರ ಮೊದಲ ಪ್ರೈಮರಿನ ತಟ್ಟಿ, ಮದ್ದಿನ ಡಬ್ಬಿ ಮುಚ್ಚಿ ಏಳಬೇಕು. ಹೊಳ್ಳಿ ಬಂದ್ರ ಅಂದಾಜು ಮಾಡಬಾರದು, ಮೊದಲಿಂದ ಹಾಕಬೇಕು. ಟಂಬ್ಲರಿನ ಮುಚ್ಚಳಾ ತಗಿಯೋದು, ಪುಡಿ ಜರಡಿ ಹಿಡಿಯೋದು ಮನಿ ಹೊರಗ. ನೆಲಾ ಒಣಾ ಕಸಬರಗಿಯಿಂದ ಅಲ್ಲ, ಹಸೀ ಅರಬಿಯಿಂದ ಒರಸಬೇಕು. ಒರಸೋದು ಮದ್ದು ಹಾಕಿದವ್ರು, ನಾನಲ್ಲ. ಕೆಲಸಾ ಮುಗಿದ ಮ್ಯಾಲೆ ಅಂಗಿ ಬದಲ ಮಾಡಿ, ಸಾಬಣಾ ಹಚ್ಚಿ ಕೈ ತೊಳದು, ಆಮ್ಯಾಲೆ ಮಗಳನ್ನ ಎತ್ತಿಕೊಳ್ರಿ, ಬೆಕ್ಕನ್ನೂ ಎತ್ತಿಕೊಳ್ರಿ.

'ಬಾಗಿಲಾ ಹಾಕಿದ್ರ ಹೊರಗ ಕೂತು ಒದರತಾವ, ಬಾಗಿಲಾ ಕೆರೀತಾವ' ಅಂತ ಒಂದು ತಕರಾರು ಉಳದದ. ಖರೇ ಅದ, ಒದರತಾವ. ಕೆಲಸಕ್ಕ ಕೂಡೂಕಿಂತ ಮೊದಲ ಹತ್ತು ನಿಮಿಷ ದಾರದ ಜೋಡಿ ಆಟಾ ಆಡಸ್ರಿ, ಹೊಟ್ಟಿ ತುಂಬ ಹಾಕ್ರಿ, ಮಲಗತಾವ. ಮಲಗದಿದ್ರ ಒದರಲಿ ಬಿಡ್ರಿ. ಮನಿ ಕೂಸು ಒಲೀ ಹತ್ರ ಬರತದಂತ ಅತ್ರೂ ನಾವು ದೂರನ ಇಡತೀವಿ, ಅಲ್ಲೇನ್ರಿ?

ಹೋದ ಶನಿವಾರ ನಮ್ಮ ಮನಿಯವ್ರು ರೇಂಜಿಗೆ ಹೋಗಲಿಲ್ಲ. ಬೇಸ್ಮೆಂಟಿನ ಕ್ವಾಣಿಗೆ ಗ್ವಾಡಿ ಕಟ್ಟಲಿಕ್ಕೆ ಕಟಗಿ ತಂದಾರ, ಅಳತಿ ತೊಗೋಳಿಕ್ಹತ್ತಾರ. ಬಾಗಿಲಾ ಗ್ಯಾರೇಜಿನಾಗ ಬಂದು ನಿಂತದ, ಇನ್ನೂ ಕೂಡಿಸಿಲ್ಲ. ಅದು ಕೂಡೂ ತನಕಾ ಪ್ರೆಸ್ಸಿನ ಮ್ಯಾಲೆ ಹಳೇ ಚಾದರ ಹೊಚ್ಚೀನಿ, ಮದ್ದು-ಪ್ರೈಮರಿನ ಕಪಾಟಿನ ಕೀಲಿ ನನ್ನ ಹತ್ರ ಅದ. ಗುಂಡ್ಯಾ ಆ ನಿಂತ ಬಾಗಿಲಾ ಮೂಸಿ ನೋಡಿ, ಅದರ ತುದಿಗೆ ಹತ್ತಿ ಕೂತಾನ. ಯಾರೂ ಬೈಲಿಲ್ಲ.